ಕಾರಿನ ಕ್ರೋಮ್ ಪಟ್ಟಿ ಎಲ್ಲಾ ಕಪ್ಪು ಮಾಡ್ಬೇಕು: ರ‍್ಯಾಪಾ, ಪೇಂಟಾ, ರಬ್ಬರ್ ಸ್ಪ್ರೇನಾ?

ಅರ್ಧಟ್ಯಾಂಕ್:

ಎಲ್ರಿಗೂ ನಮಸ್ಕಾರ. ತುಂಬಾ ದಿನದಿಂದ ಬರೀ ಓದ್ತಾ ಇದ್ದೆ, ಬರೆಯೋದು ಇದೇ ಮೊದಲು, ಸ್ವಲ್ಪ ಉದ್ದ ಆದ್ರೆ ಬೈಕೋಬೇಡಿ.

ಗಾಡಿ ಆರು ವರ್ಷ ಹಳೇದು, ಕಡು ಬೂದು ಬಣ್ಣ, ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಓಡೋದ್ರಲ್ಲಿ ಒಂದು ಮಾತಾಡೋ ಹಾಗಿಲ್ಲ, ಆದ್ರೆ ಎಲ್ಲಿ ನೋಡಿದ್ರೂ ಹೊಳಪು ಹೊಳಪು. ನಾಲ್ಕೂ ಕಿಟಕಿ ಸುತ್ತ ಬೆಳ್ಳಿ ಪಟ್ಟಿ, ಗ್ರಿಲ್ ಸುತ್ತ ದಪ್ಪ ಕ್ರೋಮ್ ಚೌಕಟ್ಟು, ಡೋರ್ ಹ್ಯಾಂಡಲ್ ಮೇಲೆ ಗೆರೆ, ಹಿಂದೆ ಡಿಕ್ಕಿ ಮೇಲೆ ಒಂದು ಮೊಳ ಉದ್ದದ ಪಟ್ಟಿ, ಆಮೇಲೆ ಅಕ್ಷರಗಳು, ಲೋಗೋ. ಸ್ಟೀಲ್ ಪಾತ್ರೆ ಅಂಗಡಿ ಮುಂದೆ ನಿಂತ ಹಾಗೆ ಅನ್ಸತ್ತೆ ನಂಗೆ. ಇದೆಲ್ಲಾ ಕಪ್ಪು ಆಗ್ಬೇಕು.

ಈಗ ತೊಂದ್ರೆಗಳು ಹೇಳ್ತೀನಿ. ಕಿಟಕಿ ಪಟ್ಟಿ ಮೇಲೆ ಬಿಳಿ ಬಿಳಿ ಕಲೆ ಇದೆ, ಸೋಪಿನ ನೀರು ಇಳಿದು ಒಣಗಿದ ಹಾಗೆ ಕಾಣತ್ತೆ, ಆದ್ರೆ ಮೆಟಲ್ ಪಾಲಿಶ್ ಹಾಕಿ ಒಂದು ಗಂಟೆ ಉಜ್ಜಿದ್ರೂ ಹೋಗ್ಲಿಲ್ಲ, ಕೈ ನೋವು ಬಂದಿದ್ದಷ್ಟೇ. ಗ್ರಿಲ್ಲಿನ ಒಂದು ಮೂಲೆಲಿ ಕ್ರೋಮ್ ಗುಳ್ಳೆ ಎದ್ದಿದೆ, ಉಗುರು ಹಾಕಿದ್ರೆ ಚೂರು ಎದ್ದು ಬರತ್ತೆ.

ಧೈರ್ಯ ಮಾಡಿ ಒಂದು ರೋಲ್ ಕಪ್ಪು ಸ್ಟಿಕ್ಕರ್, ಅದೇ ರ‍್ಯಾಪ್ ಅಂತಾರಲ್ಲಾ, ತಂದು ಡಿಕ್ಕಿ ಪಟ್ಟಿಗೆ ನಾನೇ ಅಂಟಿಸಿದೆ. ಅಂಟಿಸಿದ ದಿನ ಸಕತ್ತಾಗಿತ್ತು. ಎರಡು ವಾರಕ್ಕೆ ಎರಡೂ ತುದಿಲಿ ಒಳಗೆ ಸರಿದು 2 ಮಿಲಿಮೀಟರ್ ಬೆಳ್ಳಿ ಗೆರೆ ಕಾಣ್ತಿದೆ, ಒಂದು ತುದಿ ಮೇಲಕ್ಕೆ ಎದ್ದು ಧೂಳು ಕೂತಿದೆ. ನಾನೇ ಸರಿಯಾಗಿ ಅಂಟಿಸಿಲ್ವಾ ಅಥವಾ ಸ್ಟಿಕ್ಕರೇ ಸರಿ ಇಲ್ವಾ?

ಸೋ ಕೇಳ್ತಿರೋದು ಇಷ್ಟು, ಆ ಬಿಳಿ ಕಲೆ ಮೇಲೇ ರ‍್ಯಾಪ್ ಹಾಕ್ಬಹುದಾ, ಗ್ರಿಲ್ಲಿಗೆ ಏನು ಮಾಡ್ಲಿ, ಗ್ಲಾಸ್ (ಪೂರ್ತಿ ಹೊಳಪು) ಕಪ್ಪಾ ಸ್ಯಾಟಿನ್ (ಅರ್ಧ ಹೊಳಪು) ಕಪ್ಪಾ. ಮತ್ತೆ ಪರಿಚಯದವರೊಬ್ರು ಮುಂದಿನ ಲೋಗೋ ಮಾತ್ರ ಮುಟ್ಬೇಡ ಅಂದ್ರು, ಯಾಕೆ ಅಂತ ಕೇಳಿದ್ರೆ ಅವರಿಗೂ ಗೊತ್ತಿಲ್ಲ.

ಹಳೇಬಂಪರ್:

ಕ್ರೋಮ್ ಇರ್ಲಿ ಬಿಡಿ ಸಾರ್, ಹತ್ತು ವರ್ಷ ಬಿಟ್ಟು ಎಲ್ಲಾ ಗಾಡಿನೂ ಕಪ್ಪಾಗಿರುವಾಗ ನಿಮ್ಮದೊಂದೇ ಹೊಳೀತಿರತ್ತೆ 😀

ತಮಾಷೆಗೆ ಅಂದೆ. ಮಾಡಿ, ಆದ್ರೆ ವಾಪಸ್ ತೆಗೆಯೋ ಹಾಗೆ ಮಾಡಿ.

ಹೀಟ್‌ಗನ್:

ಗುರು, ಮೊದಲು ಒಂದು ವಿಷಯ ಬಿಡಿಸ್ಕೊಳಿ. ನೀವು ಎಲ್ಲದಕ್ಕೂ ಕ್ರೋಮ್ ಅಂತಿದೀರ, ನಿಮ್ಮ ಗಾಡಿ ಮೇಲೆ ಹೊಳೀತಿರೋದು ಕಮ್ಮಿ ಅಂದ್ರೂ ಎರಡು ಬೇರೆ ಬೇರೆ ಸಾಮಾನು, ಮೂರಿದ್ರೂ ಇರ್ಬಹುದು. ಯಾವುದು ಯಾವುದು ಅಂತ ಗೊತ್ತಾಗದೇ ಸ್ಪ್ರೇ ಕ್ಯಾನ್ ಕೈಗೆ ತಗೋಬೇಡಿ.

ಗ್ರಿಲ್ ಚೌಕಟ್ಟು, ಅಕ್ಷರ, ಹ್ಯಾಂಡಲ್ ಗೆರೆ ಇವೆಲ್ಲಾ ಬಹುಮಟ್ಟಿಗೆ ಎಬಿಎಸ್ ಪ್ಲಾಸ್ಟಿಕ್. ಅದರ ಮೇಲೆ ತಾಮ್ರ, ಅದರ ಮೇಲೆ ನಿಕ್ಕಲ್, ಎಲ್ಲದರ ಮೇಲೆ ತೆಳ್ಳಗೆ ಕ್ರೋಮಿಯಂ. ತೆಳ್ಳಗೆ ಅಂದ್ರೆ ಎಷ್ಟು ತೆಳ್ಳಗೆ, ಒಂದು ಮೈಕ್ರಾನ್ (ಮಿಲಿಮೀಟರ್‌ನ ಸಾವಿರದ ಒಂದು ಭಾಗ) ಕೂಡ ಇರಲ್ಲ ಆ ಮೇಲಿನ ಪದರ. ಹೊಳಪಿನ ಬಹುಪಾಲು ಕೆಳಗಿರೋ ನಿಕ್ಕಲ್ಲಿಂದೇ, ಕ್ರೋಮಿಯಂ ಅದನ್ನ ಕಾಪಾಡತ್ತೆ ಮತ್ತೆ ಆ ನೀಲಿ ಛಾಯೆ ಕೊಡತ್ತೆ. ನಿಮ್ಮ ಗ್ರಿಲ್ಲಲ್ಲಿ ಗುಳ್ಳೆ ಎದ್ದಿದೆ ಅಂದ್ರೆ ಲೋಹದ ಪದರಗಳು ಪ್ಲಾಸ್ಟಿಕ್ಕಿಂದ ಕೈ ಬಿಟ್ಟಿವೆ ಅಂತ ಅರ್ಥ. ಅದರ ಮೇಲೆ ಏನು ಅಂಟಿಸಿದ್ರೂ, ಏನು ಬಳಿದ್ರೂ, ಅದು ಗುಳ್ಳೆ ಜೊತೆಗೇ ಎದ್ದು ಬರತ್ತೆ. ಮತ್ತೆ ಉಗುರು ಹಾಕೋದು ದಯವಿಟ್ಟು ನಿಲ್ಲಿಸಿ, ಎದ್ದ ಕ್ರೋಮ್ ಅಂಚು ಬ್ಲೇಡ್ ಥರನೇ, ನನ್ನ ಹೆಬ್ಬೆಟ್ಟಲ್ಲಿ ಇನ್ನೂ ಗುರುತಿದೆ.

ಕಿಟಕಿ ಪಟ್ಟಿ ಕತೆ ಬೇರೆ. ಬಿಳಿ ಕಲೆ, ಪಾಲಿಶ್‌ಗೆ ಬಗ್ಗಲ್ಲ ಅಂದ್ರೆ ಅದು ಆನೊಡೈಸ್ ಮಾಡಿದ ಅಲ್ಯೂಮಿನಿಯಂ ಅನ್ನೋದು ನೂರಕ್ಕೆ ತೊಂಬತ್ತು ಭಾಗ ಖಾತ್ರಿ. ಆನೊಡೈಸ್ ಅಂದ್ರೆ ಮೇಲೆ ಬಳಿದಿರೋ ಬಣ್ಣ ಅಲ್ಲ, ಅಲ್ಯೂಮಿನಿಯಂನ ಮೇಲ್ಮೈಯನ್ನೇ ಆಕ್ಸೈಡ್ ಮಾಡಿರ್ತಾರೆ. ಆ ಪದರಕ್ಕೆ ಪಿಎಚ್ (ಆಸಿಡ್, ಕ್ಷಾರದ ಅಳತೆ) 4ರಿಂದ 9ರ ಒಳಗೆ ಇರೋ ಸೋಪ್ ಪರವಾಗಿಲ್ಲ, ಅದು ದಾಟಿದ ಖಾರದ ಕ್ಲೀನರ್ ಬಿದ್ರೆ, ಅದು ಆಸಿಡ್ ಆಗ್ಲಿ ಕ್ಷಾರ ಆಗ್ಲಿ, ಪದರವನ್ನ ತಿನ್ನತ್ತೆ. ಚಕ್ರಕ್ಕೆ ಹೊಡೆಯೋ ಕ್ಲೀನರ್, ಕೆಲವು ಆಟೊಮ್ಯಾಟಿಕ್ ವಾಶ್‌ನ ನೊರೆ, ಇವೇ ಕಳ್ಳರು. ನೀವು ಉಜ್ತಿರೋ ಬಿಳುಪು ಮೇಲೆ ಕೂತಿರೋ ಕೊಳೆ ಅಲ್ಲ, ಪದರವೇ ಹಾಳಾಗಿರೋದು, ಅದಕ್ಕೇ ಹೋಗ್ತಿಲ್ಲ.

ಮೂರನೇದು ಸ್ಟೇನ್‌ಲೆಸ್ ಸ್ಟೀಲ್, ಇದೂ ಕಿಟಕಿ ಪಟ್ಟಿಲಿ ಬರತ್ತೆ. ಒಂದು ಮ್ಯಾಗ್ನೆಟ್ ಹಿಡಿದು ನೋಡಿ. ಅಂಟಿದ್ರೆ ಸ್ಟೀಲ್. ಅಂಟದೇ ಹೋದ್ರೆ ಅಲ್ಯೂಮಿನಿಯಮ್ಮೇ ಅಂತ ಹೇಳಕ್ಕಾಗಲ್ಲ, ಯಾಕಂದ್ರೆ ಮ್ಯಾಗ್ನೆಟ್ ಹಿಡಿಯದ ಸ್ಟೇನ್‌ಲೆಸ್ಸೂ ಇದೆ. ಆದ್ರೆ ಸ್ಟೇನ್‌ಲೆಸ್ ಈ ಥರ ಸುಣ್ಣದ ಹಾಗೆ ಬಿಳಿಚಿಕೊಳ್ಳಲ್ಲ. ಪ್ಲಾಸ್ಟಿಕ್ಕಾ ಲೋಹನಾ ಅಂತ ಅನುಮಾನ ಇದ್ರೆ ಬೆಳಗ್ಗೆ ಎದ್ದು ಕೈ ಇಡಿ, ಲೋಹ ತಣ್ಣಗೆ ಕಚ್ಚತ್ತೆ.

ನಿಮ್ಮ ಸ್ಟಿಕ್ಕರ್ ಯಾಕೆ ಕುಗ್ಗಿತು ಅನ್ನೋದಕ್ಕೆ ಬೇರೆ ಪೋಸ್ಟ್ ಹಾಕ್ತೀನಿ, ಊಟಕ್ಕೆ ಕರೀತಿದಾರೆ.

ಕೆಸರುಗಾಲಿ:

ಮ್ಯಾಗ್ನೆಟ್ ಮೇಲೆ ಬಟ್ಟೆ ಸುತ್ತಿ ಹಿಡೀರಿ ಮಾರಾಯ್ರೆ, ನಾನು ಹಾಗೇ ಎಳೆದು ಬಾಗಿಲಿಗೆ ಗೀರು ಹಾಕ್ಕೊಂಡೆ.

ಹೀಟ್‌ಗನ್:

ಬಂದೆ. ಸ್ಟಿಕ್ಕರ್ ವಿಷಯ.

ವಿನೈಲ್, ಅಂದ್ರೆ ಸ್ಟಿಕ್ಕರ್ ಫಿಲ್ಮ್‌ನಲ್ಲಿ ಎರಡು ಜಾತಿ, ಕ್ಯಾಲೆಂಡರ್ಡ್ ಮತ್ತೆ ಕ್ಯಾಸ್ಟ್. ಕ್ಯಾಲೆಂಡರ್ಡ್ ಅಂದ್ರೆ ಬಿಸಿ ಪಿವಿಸಿನ ರೋಲರ್‌ಗಳ ಮಧ್ಯೆ ಹಾಕಿ ಚಪಾತಿ ಥರ ಒತ್ತಿ ಎಳೆದು ಮಾಡಿದ್ದು. ಎಳೆದು ಮಾಡಿದ್ದರಿಂದ ಅದಕ್ಕೆ ಯಾವಾಗ್ಲೂ ವಾಪಸ್ ಕುಗ್ಗೋ ಚಾಳಿ ಇರತ್ತೆ, ಬಿಸಿಲು ಬಿತ್ತು ಅಂದ್ರೆ ಕುಗ್ಗತ್ತೆ. ಕ್ಯಾಸ್ಟ್ ಅಂದ್ರೆ ದ್ರವವನ್ನ ಹಾಳೆ ಮೇಲೆ ಹರಡಿ ಒಣಗಿಸಿದ್ದು, ಎಳೆದಿಲ್ಲ, ಹಾಗಾಗಿ ಒಳಗೆ ಆ ಸೆಳೆತ ಕಮ್ಮಿ, ತೆಳ್ಳಗೂ ಇರತ್ತೆ, ಮೂಲೆಗೆ ಚೆನ್ನಾಗಿ ಕೂರತ್ತೆ. ನೀವು ತಂದಿದ್ದು ಮೊದಲನೇ ಜಾತಿ ಅನ್ನೋದು ಆ 2 ಮಿಲಿಮೀಟರ್ ಗೆರೆನೇ ಹೇಳ್ತಿದೆ. ತ್ರೀಎಂ 2080, ಏವರಿ ಡೆನಿಸನ್ ಎಸ್‌ಡಬ್ಲ್ಯು900, ಇಂಥವೆಲ್ಲಾ ಕ್ಯಾಸ್ಟ್. ಬೇರೆ ಕಂಪನಿದೂ ಇದೆ, ತಗೊಳೋವಾಗ ಕ್ಯಾಸ್ಟ್ ಅಂತ ಬರೆದಿದೆಯಾ ನೋಡಿ ಅಷ್ಟೇ.

ಆದ್ರೆ ತಪ್ಪು ಪೂರ್ತಿ ಸ್ಟಿಕ್ಕರ್‌ದಲ್ಲ. ಕಿರಿದಾದ ಪಟ್ಟಿಗೆ ಅಂಟಿಸುವಾಗ ಎಲ್ರೂ ಮಾಡೋ ಕೆಲಸ ಅಂದ್ರೆ ನೀಟಾಗಿ ಬರ್ಲಿ ಅಂತ ಉದ್ದಕ್ಕೆ ಬಿಗಿಯಾಗಿ ಎಳೆಯೋದು. ಕ್ಯಾಸ್ಟ್ ಆದ್ರೂ ಎಳೆದು ಅಂಟಿಸಿದ್ರೆ ವಾಪಸ್ ಹೋಗತ್ತೆ. ಎಳೀಬೇಡಿ, ಸುಮ್ನೆ ಮಲಗಿಸಿ, ಮಧ್ಯದಿಂದ ಅಂಚಿಗೆ ಒತ್ಕೊಂಡು ಹೋಗಿ. ಮೂಲೆಲಿ ಎಳೀಲೇಬೇಕು, ಅಲ್ಲಿ ಕೊನೇಗೆ ಹೀಟ್ ಗನ್ ಹಿಡಿದು 90ರಿಂದ 110 ಡಿಗ್ರಿವರೆಗೆ ಬಿಸಿ ಮಾಡಿ, ಫಿಲ್ಮ್ ಕಂಪನಿ ಹಾಳೆಲಿ ಎಷ್ಟು ಅಂತ ಬರೆದಿರತ್ತೆ, ಅದನ್ನ ಥರ್ಮಾಮೀಟರ್ ಗನ್ನಲ್ಲಿ ಅಳೆದು ನೋಡಿ, ಕೈ ಅಂದಾಜಿಗೆ ಬಿಡ್ಬೇಡಿ. ಹಂಗೆ ಬಿಸಿ ಮಾಡಿದ್ರೆ ಫಿಲ್ಮ್ ತನ್ನ ಹಳೇ ಆಕಾರ ಮರೆತು ಹೊಸದಕ್ಕೆ ಒಗ್ಗತ್ತೆ. ಈ ಒಂದು ಸ್ಟೆಪ್ ಬಿಟ್ಟವರ ರ‍್ಯಾಪ್ ಎಲ್ಲಾ ಮೂಲೆಲೇ ಏಳೋದು.

ಇನ್ನೊಂದು, ಅಂಚು. ಪಟ್ಟಿಯ ಅಂಚಿಗೆ ಸರಿಯಾಗಿ ಕತ್ತರಿಸಿ ಬಿಟ್ರೆ ಅಲ್ಲಿಂದಲೇ ನೀರು, ಧೂಳು ಒಳಗೆ ಹೋಗತ್ತೆ. 3-4 ಮಿಲಿಮೀಟರ್ ಜಾಸ್ತಿ ಬಿಟ್ಟು ಪ್ಲಾಸ್ಟಿಕ್ ಸಲಾಕೆಲಿ ರಬ್ಬರ್ ಕೆಳಗೆ ತುರುಕಿ. ಆ ರಬ್ಬರ್‌ಗೆ ಯಾವತ್ತಾದ್ರೂ ಟೈರ್ ಶೈನ್, ಡ್ಯಾಶ್‌ಬೋರ್ಡ್ ಶೈನ್ ಹೊಡೆದಿದೀರಾ? ಹೊಡೆದಿದ್ರೆ ಅದರ ಸಿಲಿಕೋನ್ ಎಣ್ಣೆ ಪಟ್ಟಿ ಮೇಲೂ ಬಂದಿರತ್ತೆ, ಗಮ್ ಹಿಡಿಯಲ್ಲ. ಸೋಪಲ್ಲಿ ತೊಳೆದು, ಆಮೇಲೆ ಐಸೋಪ್ರೊಪೈಲ್ ಆಲ್ಕೋಹಾಲ್ 70 ಭಾಗ ನೀರು 30 ಭಾಗ ಬೆರೆಸಿ, ಒದ್ದೆ ಬಟ್ಟೆಲಿ ಒರೆಸಿ ಅದು ಆರೋ ಮುಂಚೆ ಒಣ ಬಟ್ಟೆಲಿ ಒರೆಸಿ. ಆರೋಕೆ ಬಿಟ್ರೆ ಕೊಳೆ ಎದ್ದು ಅಲ್ಲೇ ಮತ್ತೆ ಕೂರತ್ತೆ. ರಬ್ಬರ್ ಕೆಳಗಿನ ಸಂದಿಲೂ ಒರೆಸಿ, ಸಲಾಕೆಗೆ ಬಟ್ಟೆ ಸುತ್ತಿ.

ಬಿಳಿ ಕಲೆ ಮೇಲೆ ಹಾಕ್ಬಹುದು. ಕೈಗೆ ಒರಟು ಸಿಗ್ತಿದ್ರೆ ಬೂದು ಬಣ್ಣದ ಸ್ಕಾಚ್ ಬ್ರೈಟ್‌ಲಿ ಹಗುರಾಗಿ ಉಜ್ಜಿ ಪುಡಿ ತೆಗೀರಿ, ಆಮೇಲೆ ಒರೆಸಿ ಹಾಕಿ. ಗುಂಡಿ ಬಿದ್ದಿದ್ರೆ ಮಾತ್ರ ಅದು ಫಿಲ್ಮ್ ಮೇಲೂ ಕಾಣತ್ತೆ, ಗ್ಲಾಸ್ ಕಪ್ಪಲ್ಲಂತೂ ಎದ್ದು ಕಾಣತ್ತೆ.

ತಿನ್ನರ್ವಾಸನೆ:

ಎಲ್ಲಾರೂ ಸ್ಟಿಕ್ಕರ್ ಸ್ಟಿಕ್ಕರ್ ಅಂತೀರಿ, ನಾ ಒಂದ್ ಮಾತ್ ಹೇಳ್ತೀನಿ ಕೇಳ್ರಿ. ಸ್ಟಿಕ್ಕರ್ ಅಂದ್ರ ಮ್ಯಾಲೆ ಅಂಗಿ ಹಾಕ್ಧಂಗ, ಪೇಂಟ್ ಅಂದ್ರ ಚರ್ಮ. ಸರಿಯಾಗಿ ಹೊಡದ್ರ ಅದನ್ನ ಮುಟ್ಟೋ ಕೆಲಸ ಇಲ್ಲ. ಗ್ರಿಲ್ ಥರ ಸಂದಿಗೊಂದಿ ಇರೋ ಸಾಮಾನಿಗೆ ಸ್ಟಿಕ್ಕರ್ ಹಚ್ಚಾಕ ಹೋಗಿ ಮೂರ್ ದಿನ ಕುಂತವ್ರನ್ನ ನೋಡೀನಿ.

ಆದ್ರ ಒಂದ್ ಮಾತು. ಕ್ರೋಮ್ ಅಂದ್ರ ಗಾಜಿನ್ಹಂಗ, ಅದರ ಮ್ಯಾಲೆ ಬಣ್ಣಕ್ಕ ಹಿಡಕೊಳ್ಳಾಕ ಜಾಗಾನ ಇಲ್ಲ. ಸೀದಾ ಕ್ಯಾನ್ ತಗೊಂಡು ಹೊಡದ್ರಿ ಅಂದ್ರ ಒಂದು ಕಲ್ಲು ಬಡದ ಕೂಡ್ಲೇ ಹಾಳಿ ಹಾಳಿ ಎದ್ದು ಬರ್ತದ. ಮೊದ್ಲ ಗ್ರಿಲ್ ಬಿಚ್ರಿ, ಗುಳ್ಳಿ ಎದ್ದದ್ದನ್ನ ಗಟ್ಟಿ ಇರೋ ತನಕ ಕೆರದು ತಗೀರಿ, ಅಂಚು ಮೆಟ್ಟಿಲಾಗದಂಗ ಸವಸ್ರಿ. ಆಮ್ಯಾಲೆ 320 ಇಲ್ಲಾಂದ್ರ 400 ನಂಬರ್ ಪೇಪರ್ ನೀರಾಗ ಎದ್ದಿ, ಎಲ್ಲೂ ಒಂದ್ ಚೂರೂ ಹೊಳಪು ಉಳಿಬಾರ್ದು ಹಂಗ ತಿಕ್ರಿ. ಹೊಳೆಯೋ ಜಾಗ ಉಳೀತಂದ್ರ ಬಣ್ಣ ಏಳೋದು ಅಲ್ಲಿಂದನ. ಬರೇ ಪ್ಲಾಸ್ಟಿಕ್ ಕಂಡ ಕಡಿ ಪ್ಲಾಸ್ಟಿಕ್ ಅಡ್ಹೀಶನ್ ಪ್ರೊಮೋಟರ್ (ಬಣ್ಣ ಹಿಡಿಸೋ ದ್ರವ), ಆಮ್ಯಾಲೆ ಎಪಾಕ್ಸಿ ಪ್ರೈಮರ್, ಆಮ್ಯಾಲೆ ಕಪ್ಪು ಬೇಸ್ ತೆಳ್ಳಗ ಎರಡು ಮೂರು ಕೋಟ್, ಮ್ಯಾಲೆ 2ಕೆ ಕ್ಲಿಯರ್, ಅಂದ್ರ ಹಾರ್ಡನರ್ ಬೆರಸಿ ಹೊಡಿಯೋ ಬಣ್ಣ ಇಲ್ಲದ ಕೋಟ್. ದಪ್ಪಗ ಒಂದ ಕೋಟಿನ್ಯಾಗ ಮುಗಿಸ್ಬೇಕಂತ ಮಾಡ್ಬ್ಯಾಡ್ರಿ, ಇಳದು ಕಣ್ಣೀರಿನ್ಹಂಗ ನಿಲ್ತದ.

2ಕೆ ಕ್ಲಿಯರ್ ಬಗ್ಗೆ ಒಂದ್ ಮಾತು ಗಟ್ಟಿಯಾಗಿ ಹೇಳ್ತೀನಿ. ಅದರ ಹಾರ್ಡನರ್‌ದಾಗ ಐಸೋಸೈನೇಟ್ ಇರ್ತದ. ಒಮ್ಮೆ ಅದು ಶ್ವಾಸಕೋಶಕ್ಕ ಹತ್ತಿ ಅಲರ್ಜಿ ಆತಂದ್ರ ಮುಂದ ಒಂದ್ ಚೂರು ವಾಸನಿ ಬಂದ್ರೂ ಉಬ್ಬಸ ಬರ್ತದ, ಹೊಳ್ಳಿ ಸರಿ ಹೋಗೂದಿಲ್ಲ. ಬಾಯಿಗೆ ಕರ್ಚೀಫ್ ಕಟ್ಕೊಂಡು, ಇಲ್ಲಾ ಧೂಳಿನ ಮಾಸ್ಕ್ ಹಾಕ್ಕೊಂಡು ಮನಿ ಗ್ಯಾರೇಜಿನ್ಯಾಗ ಹೊಡಿಯೋ ಸಾಮಾನಲ್ಲ ಅದು. ಹೊರಗಿನ ಗಾಳಿ ಪೈಪಿನ್ಯಾಗ ಬರೋ ಮಾಸ್ಕ್ ಇದ್ದವ್ರ ಕಡಿ ಕೊಡ್ರಿ, ಇಲ್ಲಾಂದ್ರ ಹಾರ್ಡನರ್ ಇಲ್ಲದ 1ಕೆ ಕ್ಲಿಯರ್ ಹೊಡೀರಿ, ಬಾಳಿಕಿ ಕಮ್ಮಿ ಆದ್ರೂ ಜೀವ ಇರ್ತದ. ಅದಕ್ಕೂ ಕಾರ್ಟ್ರಿಜ್ ಮಾಸ್ಕ್ ಹಾಕ್ಕೊಂಡ, ಬಯಲಾಗ.

ಹೀಟ್‌ಗನ್:

ಗ್ರಿಲ್ಲಿಗೆ ಪೇಂಟ್ ಅನ್ನೋದಕ್ಕೆ ನಂದೂ ಒಪ್ಪಿಗೆ. ಕಿಟಕಿ ಪಟ್ಟಿಗೆ ಪೇಂಟ್ ಬೇಡ. ಗಾಡಿ ಮೇಲೇ ಇಟ್ಟು ಸುತ್ತ ಟೇಪ್ ಅಂಟಿಸಿ ಹೊಡೆದ್ರೆ ಟೇಪ್ ತೆಗೆಯೋವಾಗ ಅಂಚಲ್ಲಿ ಮೆಟ್ಟಿಲು ನಿಲ್ಲತ್ತೆ, ಅಲ್ಲಿಂದ ಸುಲಿಯೋಕೆ ಶುರು. ಬಿಚ್ಚಿ ಹೊಡೀತೀನಿ ಅಂದ್ರೆ ಇನ್ನೂ ಕಷ್ಟ.

ತಿನ್ನರ್ವಾಸನೆ:

ಬಿಚ್ಚಾಕ ಬಂದವ್ರಿಗೆ ಕಷ್ಟ ಇಲ್ಲ ಬಿಡ್ರಿ.

ಹೀಟ್‌ಗನ್:

ಕೇಳ್ತಿರೋರು ಮೊದಲ ಸಲ ಮಾಡ್ತಿರೋದು ಅಣ್ಣ.

ಕೆಸರುಗಾಲಿ:

ರಬ್ಬರ್ ಸ್ಪ್ರೇ ಬಗ್ಗೆ ಯಾರೂ ಹೇಳ್ಲಿಲ್ಲ, ನಾನು ಹೇಳ್ತೇನೆ, ಎರಡು ಸಲ ಮಾಡಿದ್ದೇನೆ, ಒಂದು ಸಲ ಕೆಟ್ಟಿದೆ, ಒಂದು ಸಲ ಪಾಸ್.

ಪ್ಲಾಸ್ಟಿ ಡಿಪ್ ಥರದ್ದು, ಬೇಡ ಅಂದಾಗ ಸುಲಿದು ತೆಗೆಯುವಂಥದ್ದು. ಕಪ್ಪು ಮಾಡಿದ್ರೆ ನಮ್ಮ ಗಾಡಿಗೆ ಹೊಂದ್ತದಾ ಇಲ್ವಾ ಅಂತ ನೋಡ್ಲಿಕ್ಕೆ ಇದಕ್ಕಿಂತ ಸುಲಭದ ದಾರಿ ಇಲ್ಲ. ಮೊದಲನೇ ಕೋಟ್ ಅರ್ಧಂಬರ್ಧ ಕಾಣುವಷ್ಟೇ, ಕೆಳಗಿನ ಹೊಳಪು ಇಣುಕಬೇಕು, ಆಮೇಲೆ ಒಂದೊಂದರ ಮಧ್ಯೆ ಆರ್ಲಿಕ್ಕೆ ಬಿಟ್ಟು ಒಟ್ಟು ಐದಾರು ಕೋಟ್. ಮೊದಲ ಸಲ ನಾನು ಜುಗ್ಗತನ ಮಾಡಿ ಮೂರಕ್ಕೇ ನಿಲ್ಲಿಸಿದೆ. ತೆಳ್ಳಗೆ ಇದ್ರೆ ಚೆಂದವೇ ಅಂತ. ತೆಗೆಯುವಾಗ ಗೊತ್ತಾಯ್ತು, ಹಾಳೆಯಾಗಿ ಬರುವುದು ಬಿಟ್ಟು ಚೂರು ಚೂರಾಗಿ ಉಗುರಲ್ಲಿ ಕೆರೀಬೇಕಾಯ್ತು, ಇಡೀ ಭಾನುವಾರ ಅದಕ್ಕೇ ಹೋಯ್ತು. ದಪ್ಪ ಇದ್ರೆ ಮಾತ್ರ ಹಾಳೆಯಾಗಿ ಸುಲಿದು ಬರುವುದು.

ಮಾಸ್ಕಿಂಗ್ ಟೇಪ್ ಕೊನೇ ಕೋಟ್ ಇನ್ನೂ ಹಸಿ ಇರುವಾಗಲೇ ಎಳೀಬೇಕು. ಒಣಗಿದ ಮೇಲೆ ಎಳೆದ್ರೆ ಟೇಪ್ ಜೊತೆ ಪಟ್ಟಿ ಮೇಲಿನದ್ದೂ ಹರಿದು ಬರ್ತದೆ. ಪೆಟ್ರೋಲ್ ತಾಗಿದ್ರೆ ಕರಗ್ತದೆ, ಟ್ಯಾಂಕ್ ಮುಚ್ಚಳದ ಹತ್ತಿರ ಬೇಡ. ಮತ್ತೆ ಇದು ಬರುವುದು ಮ್ಯಾಟ್ ಆಗಿ, ಗ್ಲಾಸ್ ಬೇಕಾದ್ರೆ ಮೇಲೆ ಬೇರೆ ಕೋಟ್ ಹಾಕ್ಬೇಕು, ಆದ್ರೂ ಪೇಂಟಿನ ಹೊಳಪು ಬರುವುದಿಲ್ಲ. ಜೇನುಗೂಡಿನ ಹಾಗೆ ತೂತು ತೂತು ಇರುವ ಗ್ರಿಲ್ಲಿಗೆ ಹೊಡೀಬೇಡಿ, ಪ್ರತೀ ತೂತಿಂದ ಸುಲಿದು ತೆಗೆಯುವಾಗ ನನ್ನ ನೆನಪಾಗ್ತದೆ ನಿಮಗೆ.

ಅಕ್ಷರಕ್ಕೆ ಮಾತ್ರ ಇದು ಭಾರೀ ಲಾಯ್ಕ. ಸುತ್ತ ಮುಚ್ಚಿ, ಅಕ್ಷರ ಮತ್ತು ಅದರ ಸುತ್ತ ಒಂದು ಬೆರಳು ಜಾಗ ಬಿಟ್ಟು ಹೊಡೆದು, ಒಣಗಿದ ಮೇಲೆ ಸುತ್ತಲಿನದನ್ನು ಮಾತ್ರ ಸುಲಿದ್ರೆ ಅಕ್ಷರ ಕಪ್ಪಾಗಿ ಉಳೀತದೆ.

ಸೆನ್ಸರ್‌ಪುರಾಣ:

ಲೋಗೋ ಪ್ರಶ್ನೆಗೆ ಉತ್ತರ. ನಿಮ್ಮ ಪರಿಚಯದವರು ಹೇಳಿದ್ದು ಸರಿ ಇರ್ಬಹುದು. ಅಡಾಪ್ಟಿವ್ ಕ್ರೂಸ್ (ಮುಂದಿನ ಗಾಡಿ ನೋಡಿ ತಾನೇ ವೇಗ ಹೊಂದಿಸ್ಕೊಳೋದು), ತಾನೇ ಬ್ರೇಕ್ ಹಾಕೋ ಸಿಸ್ಟಂ ಇರೋ ಗಾಡಿಗಳಲ್ಲಿ ಮುಂದೆ ಒಂದು ರಾಡಾರ್ ಇರತ್ತೆ, ಕೆಲವರು ಅದನ್ನ ಬಂಪರ್ ಕೆಳಗೆ ಇಡ್ತಾರೆ, ಕೆಲವರು ಸೀದಾ ಲೋಗೋ ಹಿಂದೆ. ಇವು ಹೆಚ್ಚಾಗಿ 77 ಗಿಗಾಹರ್ಟ್ಸ್‌ನಲ್ಲಿ ಕೆಲಸ ಮಾಡೋವು, ಆ ತರಂಗದ ಉದ್ದ 4 ಮಿಲಿಮೀಟರ್‌ಗೂ ಕಮ್ಮಿ. ಅಷ್ಟು ಚಿಕ್ಕ ತರಂಗಕ್ಕೆ ಅದರ ಮುಂದಿರೋ ಪ್ಲಾಸ್ಟಿಕ್ಕಿನ ದಪ್ಪ ಕೂಡ ಲೆಕ್ಕಕ್ಕೆ ಬರತ್ತೆ, ಆ ಲೋಗೋನ ದಪ್ಪ ಅಳೆದು ಸುರಿದು ಮಾಡಿರ್ತಾರೆ.

ಮಜಾ ಏನಪ್ಪ ಅಂದ್ರೆ ಆ ಲೋಗೋ ಹೊಳಿಯತ್ತಲ್ಲಾ, ಅದು ಮಾಮೂಲಿ ಕ್ರೋಮ್ ಆಗಿರಕ್ಕೆ ಸಾಧ್ಯನೇ ಇಲ್ಲ, ಲೋಹದ ಹಾಳೆ ಇದ್ರೆ ರಾಡಾರ್ ಅಲ್ಲೇ ಬಡಿದು ವಾಪಸ್ ಬರತ್ತೆ. ಅದಕ್ಕೇ ಎಷ್ಟೋ ಕಡೆ ಇಂಡಿಯಂ ಅನ್ನೋ ಲೋಹನ ಚುಕ್ಕೆ ಚುಕ್ಕೆಯಾಗಿ, ಒಂದಕ್ಕೊಂದು ತಾಗದ ಹಾಗೆ ಕೂರಿಸ್ತಾರೆ. ಕಣ್ಣಿಗೆ ಲೋಹ, ರಾಡಾರ್‌ಗೆ ಬಯಲು. ಅದರ ಮೇಲೆ ನೀವು ಫಿಲ್ಮೋ ಪೇಂಟೋ ಹಾಕಿದ್ರೆ, ಅದರಲ್ಲೂ ಮೆಟಾಲಿಕ್ ಹಾಕಿದ್ರೆ, ಒಂದೋ ಡ್ಯಾಶ್‌ನಲ್ಲಿ ಎಚ್ಚರಿಕೆ ಬರತ್ತೆ, ಇಲ್ಲಾ ಏನೂ ಬರ್ದೇ ದೂರ ಅಳೆಯೋದು ಹದ ತಪ್ಪತ್ತೆ. ಎರಡನೇದು ಮೊದಲನೇದಕ್ಕಿಂತ ಕೆಟ್ಟದು. ಲೋಗೋ ಮೇಲೆ ಚಪ್ಪಟೆ ಗಾಜಿನ ಥರ ನುಣ್ಣಗಿದ್ರೆ, ಚಿತ್ರ ಒಳಗಿಂದ ಕಂಡ್ರೆ, ಹಿಂದೆ ರಾಡಾರ್ ಇದೆ ಅಂತ ಅನುಮಾನ ಪಡಿ. ಮ್ಯಾನ್ಯುಯಲ್ ತೆಗೆದು ಓದಿ, ಎಲ್ಲಿದೆ ಅಂತ ಚಿತ್ರ ಹಾಕಿರ್ತಾರೆ.

ಬಂಪರ್‌ನ ಪಾರ್ಕಿಂಗ್ ಸೆನ್ಸರ್ ಗುಂಡಿಗಳಿಗೂ ಇದೇ ಮಾತು, ಅವು ಶಬ್ದ ಕಳಿಸೋವು, ಮೇಲೆ ಫಿಲ್ಮ್ ಬಿಗಿದ್ರೆ ತಮಟೆ ಆಗ್ಬಿಡತ್ತೆ. ಡೋರ್ ಹ್ಯಾಂಡಲ್‌ನಲ್ಲಿ ಮುಟ್ಟಿದ್ರೆ ಲಾಕ್ ಆಗೋ ಥರ ಇದ್ರೆ ಮೆಟಾಲಿಕ್ ಫಿಲ್ಮ್ ಬೇಡ, ಮಾಮೂಲಿ ಕಪ್ಪು ವಿನೈಲ್ ಹಾಕಿ ಒಂದು ಸಲ ಮುಟ್ಟಿ ನೋಡಿ.

ಹಳೇಬಂಪರ್:

ಇಷ್ಟೆಲ್ಲಾ ಯಾಕೆ, ಪಾರ್ಟ್ಸ್ ಲಿಸ್ಟ್ ತೆಗೆದು ನೋಡಿ ಸಾರ್. ಎಷ್ಟೋ ಗಾಡಿಗೆ ಕಂಪನಿನೇ ಕಪ್ಪು ಪಟ್ಟಿ ಮಾಡತ್ತೆ, ಬಿಎಂಡಬ್ಲ್ಯು ಶ್ಯಾಡೋಲೈನ್ ಅಂತ ಕರೀತಾರೆ, ಮರ್ಸಿಡಿಸ್‌ದು ನೈಟ್ ಪ್ಯಾಕೇಜ್. ನಿಮ್ಮದೇ ಮಾಡೆಲ್‌ನ ಸ್ಪೋರ್ಟ್ ವೇರಿಯಂಟ್ ಇದ್ರೆ ಅದರ ಗ್ರಿಲ್ ನಿಮ್ಮ ಗಾಡಿಗೆ ಅದೇ ಕ್ಲಿಪ್ಪಲ್ಲಿ ಕೂರ್ಬಹುದು. ಗುಳ್ಳೆ ಎದ್ದ ಗ್ರಿಲ್ ಕೆರೆಯೋದಕ್ಕಿಂತ ಅದು ವಾಸಿ, ಹಳೇದನ್ನ ಅಟ್ಟದ ಮೇಲೆ ಇಟ್ಕೊಂಡ್ರೆ ಮಾರೋವಾಗ ವಾಪಸ್ ಹಾಕ್ಬಹುದು.

ಇನ್ನೊಂದು, ಹಳೇ ಗಾಡಿ ಇಟ್ಕೊಂಡಿರೋ ಯಾರಾದ್ರೂ ಇದನ್ನ ಓದ್ತಿದ್ರೆ, ಸ್ಟೀಲ್ ಬಂಪರ್ ಮೇಲೆ ಕ್ರೋಮ್ ಇರೋದನ್ನ ದಯವಿಟ್ಟು ಉಜ್ಜಿ ಬಣ್ಣ ಬಳೀಬೇಡಿ. ಆ ಕೆಲಸ ಈಗ ಮತ್ತೆ ಮಾಡಿಸೋದು ದಿನೇ ದಿನೇ ಕಷ್ಟ ಆಗ್ತಿದೆ. ಲೇಪನಕ್ಕೆ ಬಳಸೋ ಕ್ರೋಮಿಯಂ ಟ್ರೈಆಕ್ಸೈಡ್ ಕ್ಯಾನ್ಸರ್ ತರೋ ವಸ್ತು, ಯುರೋಪ್ ಒಕ್ಕೂಟದಲ್ಲಿ 2017ರ ಸೆಪ್ಟೆಂಬರ್‌ನಿಂದ ಅನುಮತಿ ಇಲ್ಲದೇ ಅದನ್ನ ಬಳಸೋ ಹಾಗಿಲ್ಲ. ಹೊಸ ಗಾಡಿಗಳಲ್ಲಿ ಕ್ರೋಮ್ ಕಮ್ಮಿ ಆಗ್ತಿರೋದು ಬರೀ ಫ್ಯಾಷನ್ ಅಂತ ಅಂದ್ಕೋಬೇಡಿ.

ಅರ್ಧಟ್ಯಾಂಕ್:

ಅಬ್ಬಾ, ಇಷ್ಟೊಂದು ಉತ್ತರ ಬರತ್ತೆ ಅಂದ್ಕೊಂಡಿರ್ಲಿಲ್ಲ, ಎಲ್ರಿಗೂ ಥ್ಯಾಂಕ್ಸ್. ಮ್ಯಾಗ್ನೆಟ್‌ಗೆ ಬಟ್ಟೆ ಸುತ್ತಿ ನೋಡಿದೆ, ಕಿಟಕಿ ಪಟ್ಟಿಗೆ ಅಂಟ್ಲಿಲ್ಲ, ಬೆಳಗ್ಗೆ ಕೈ ಇಟ್ರೆ ತಣ್ಣಗಿದೆ, ಬಿಳಿ ಕಲೆನೂ ಇದೆ, ಸೋ ಅಲ್ಯೂಮಿನಿಯಂ. ಡಿಕ್ಕಿ ಪಟ್ಟಿ ಪ್ಲಾಸ್ಟಿಕ್. ಮ್ಯಾನ್ಯುಯಲ್‌ನಲ್ಲಿ ಮುಂದಿನ ಲೋಗೋ ಹಿಂದೆನೇ ಸೆನ್ಸರ್ ತೋರ್ಸಿದಾರೆ, ಸ್ಟಿಕ್ಕರ್ ಅಂಟಿಸ್ಬೇಡಿ ಅಂತ ಬೇರೆ ಬರೆದಿದೆ. ಗಾಡಿ ತಗೊಂಡ ಮೇಲೆ ಆ ಪುಸ್ತಕ ತೆಗೆದಿದ್ದು ಇದೇ ಮೊದಲ ಸಲ.

ಎರಡೇ ಅನುಮಾನ ಉಳಿದಿದೆ. ಕಿಟಕಿ ಪಟ್ಟಿ ಬಿಚ್ಚಿ ಹಾಕ್ಲಾ ಗಾಡಿ ಮೇಲೇ ಹಾಕ್ಲಾ? ಮತ್ತೆ ಬ್ಲೇಡಲ್ಲಿ ಕತ್ತರಿಸೋವಾಗ ಕೆಳಗೆ ಗೀರು ಬೀಳಲ್ವಾ?

ಹೀಟ್‌ಗನ್:

ಬಿಚ್ಬೇಡಿ. ಉದ್ದದ ಅಲ್ಯೂಮಿನಿಯಂ ಪಟ್ಟಿ ಬಿಚ್ಚೋವಾಗ ಒಂದೇ ಒಂದು ಕಡೆ ಬಗ್ಗಿತು ಅಂದ್ರೆ ಮುಗೀತು, ಎಷ್ಟು ನೆಟ್ಟಗೆ ಮಾಡಿದ್ರೂ ಆ ಮುರಿ ಕಣ್ಣಿಗೆ ಹೊಡೀತಾನೇ ಇರತ್ತೆ. ಕ್ಲಿಪ್‌ಗಳೂ ಒಮ್ಮೆ ಬಿಚ್ಚಿದ್ರೆ ಅರ್ಧ ಮುರಿಯೋವೇ. ಗಾಡಿ ಮೇಲೇ ಹಾಕಿ.

ಬ್ಲೇಡ್ ಅಂತೂ ಬೇಡವೇ ಬೇಡ. ಆನೊಡೈಸ್ ಪದರ ಕುಯ್ದ್ರೆ ಅಲ್ಲಿಂದ ಮತ್ತೆ ಬಿಳಿ ಏಳತ್ತೆ, ಪಕ್ಕದ ಬಾಡಿ ಪೇಂಟ್ ಕುಯ್ದ್ರೆ ತುಕ್ಕು. ಇದಕ್ಕೇ ಅಂತ ನೈಫ್‌ಲೆಸ್ ಟೇಪ್ ಇದೆ, ಟೇಪ್ ಒಳಗೆ ಒಂದು ದಾರ ಇರತ್ತೆ. ಎಲ್ಲಿ ಕತ್ತರಿಸ್ಬೇಕೋ ಅಲ್ಲಿ ಮೊದಲೇ ಟೇಪ್ ಅಂಟಿಸಿ, ಮೇಲೆ ಫಿಲ್ಮ್ ಹಾಕಿ ಚೆನ್ನಾಗಿ ಒತ್ತಿ, ಆಮೇಲೆ ದಾರ ಎಳೆದ್ರೆ ಅದೇ ಫಿಲ್ಮ್‌ನ ಕೆಳಗಿಂದ ಕುಯ್ಕೊಂಡು ಬರತ್ತೆ. ಎಳೆಯೋವಾಗ ದಾರನ ಮೇಲಕ್ಕೆ ಎತ್ತಬೇಡಿ, ಹಿಂದಕ್ಕೆ ಮಡಚಿ ಮೇಲ್ಮೈಗೆ ಹತ್ತಿರ ಹಿಡಿದು ಎಳೀರಿ. ಗಾಡಿ 16 ಡಿಗ್ರಿಗಿಂತ ತಣ್ಣಗಿದ್ರೂ ಕಷ್ಟ, ಉರಿ ಬಿಸಿಲಲ್ಲೂ ಕಷ್ಟ, ಗಮ್ ಮುಟ್ಟಿದ ಕಡೆ ಹಿಡ್ಕೊಂಡುಬಿಡತ್ತೆ, ನೆರಳಲ್ಲಿ ಮಾಡಿ.

ಗ್ಲಾಸಾ ಸ್ಯಾಟಿನ್ನಾ ಅಂದ್ರೆ, ಪಟ್ಟಿ ಪಕ್ಕದಲ್ಲಿ ಏನಿದೆ ನೋಡಿ. ಬಾಗಿಲ ಮಧ್ಯದ ಕಂಬ ಗ್ಲಾಸ್ ಕಪ್ಪಿದ್ರೆ ಗ್ಲಾಸ್, ಬರೀ ರಬ್ಬರ್ ಇದ್ರೆ ಸ್ಯಾಟಿನ್. ಎರಡೂ ಬೆರೆಸಿದ್ರೆ ಅಂಗಿ ಒಂದು ಪ್ಯಾಂಟ್ ಒಂದು. ನಿಮ್ಮ ಪಟ್ಟಿಲಿ ಬಿಳಿ ಕಲೆ ಇದೆ ಅಂದ್ರಲ್ಲಾ, ನನ್ನ ಓಟು ಸ್ಯಾಟಿನ್‌ಗೆ, ಅದು ತಪ್ಪು ಮುಚ್ಚತ್ತೆ.

ಅರ್ಧಟ್ಯಾಂಕ್:

ಐದು ವಾರ ಆಯ್ತು, ವರದಿ ಒಪ್ಪಿಸ್ತೀನಿ.

ಗ್ರಿಲ್ ಕೆರೆಯೋ ತಾಪತ್ರಯವೇ ಬೇಡ ಅಂತ ಹಳೇಬಂಪರ್ ಅವರು ಹೇಳಿದ ಹಾಗೆ ಸ್ಪೋರ್ಟ್ ವೇರಿಯಂಟ್‌ದು ಹುಡುಕಿ ತಂದೆ, ಮುಕ್ಕಾಲು ಗಂಟೆ ಕೆಲಸ, ಎರಡು ಕ್ಲಿಪ್ ಮುರಿದೆ. ಅಕ್ಷರಕ್ಕೆ ರಬ್ಬರ್ ಸ್ಪ್ರೇ, ಆರು ಕೋಟ್, ಜುಗ್ಗತನ ಮಾಡ್ಲಿಲ್ಲ. ಕಿಟಕಿ ಪಟ್ಟಿಗೆ ಸ್ಯಾಟಿನ್ ಕ್ಯಾಸ್ಟ್ ಫಿಲ್ಮ್. ಮೊದಲನೇ ಬಾಗಿಲಿಗೆ ಮೂರೂವರೆ ಗಂಟೆ, ನಾಲ್ಕನೇದಕ್ಕೆ ಐವತ್ತು ನಿಮಿಷ, ಆದ್ರೆ ಮೊದಲನೇದನ್ನ ಕಿತ್ತು ಮತ್ತೆ ಹಾಕ್ಬೇಕಾಯ್ತು, ಯಾಕಂದ್ರೆ ಮೇಲಿನ ಅಂಚು ಸಾಲದೇ ಹೋಗಿ ರಬ್ಬರ್ ಕೆಳಗೆ ತುರುಕೋಕೆ ಏನೂ ಉಳಿದಿರ್ಲಿಲ್ಲ. ಅಳತೆ ಬಿಟ್ಟಿದ್ದು ಎಲ್ಲಾ ಕಡೆ ಸಮ ಇದೆ ಅಂತ ನಂಬಿದ್ದೆ, ಪಟ್ಟಿ ಮಧ್ಯದಲ್ಲಿ ಹೊಟ್ಟೆ ಬಿಟ್ಟಿದೆ ಅಂತ ಗೊತ್ತಾಗಿದ್ದು ಆಮೇಲೆ.

ಡಿಕ್ಕಿ ಪಟ್ಟಿಯ ಹಳೇ ಸ್ಟಿಕ್ಕರ್ ತೆಗೆಯೋದು ಇನ್ನೊಂದು ಪುರಾಣ, ತಣ್ಣಗಿದ್ದಾಗ ಎಳೆದೆ, ಸ್ಟಿಕ್ಕರ್ ಬಂತು ಗಮ್ ಅಲ್ಲೇ ಉಳೀತು. ಉಳಿದರ್ಧ ಬೆಚ್ಚಗೆ ಮಾಡಿ ಮೆಲ್ಲಗೆ ಮಲಗಿಸ್ಕೊಂಡು ಎಳೆದೆ, ಅದು ನೀಟಾಗಿ ಬಂತು.

ಈಗ ಒಂದೇ ಕಡೆ ತೊಂದ್ರೆ. ಡ್ರೈವರ್ ಕಡೆ ಕನ್ನಡಿ ಹತ್ತಿರ ಪಟ್ಟಿ ಚೂಪಾಗಿ ಮುಗಿಯತ್ತಲ್ಲಾ, ಆ ತುದಿ ಎದ್ದಿದೆ, ಅಕ್ಕಿ ಕಾಳಷ್ಟು. ಅದನ್ನ ಮಾತ್ರ ಸರಿ ಮಾಡಕ್ಕಾಗತ್ತಾ ಅಥವಾ ಇಡೀ ಪಟ್ಟಿ ಮತ್ತೆ ಹಾಕ್ಬೇಕಾ?

ಹೀಟ್‌ಗನ್:

ಇಡೀದು ಬೇಡ. ಎದ್ದ ತುದಿನ ಇನ್ನೊಂದು ಸೆಂಟಿಮೀಟರ್ ಹಿಂದಕ್ಕೆ ಬೆಚ್ಚಗೆ ಮಾಡಿ ಬಿಡಿಸಿ, ಕೆಳಗೆ ಆಲ್ಕೋಹಾಲ್ ಒರೆಸಿ, ಪೂರ್ತಿ ಒಣಗ್ಲಿ. ಗಮ್ ಕಡೆ ಬೆರಳು ಮುಟ್ಟಿಸ್ಬೇಡಿ. ಗಮ್ ಗಟ್ಟಿ ಹಿಡಿಯೋಕೆ ಸವರೋ ತ್ರೀಎಂ ಪ್ರೈಮರ್ 94 ಅಂತ ಬರತ್ತೆ, ಅದನ್ನ ಪಟ್ಟಿ ಮೇಲೆ ತುದಿಗಷ್ಟೇ ಒಂದು ಎಳೆ ಸವರಿ, ಬಾಡಿ ಪೇಂಟ್‌ಗೆ ತಾಗದ ಹಾಗೆ, ಅದು ಆರಿದ ಮೇಲೆ ಎಳೀದೇ ಮಲಗಿಸಿ ಒತ್ತಿ, ಕೊನೇಗೆ ಬಿಸಿ. ತುದಿ ಸೂಜಿ ಥರ ಚೂಪಿದ್ರೆ ಚೂರು ದುಂಡಗೆ ಕತ್ತರಿಸಿ, ಚೂಪು ತುದಿ ಯಾವಾಗ್ಲೂ ಮೊದಲು ಏಳೋದು. ಎರಡು ಮೂರು ದಿನ ತೊಳೀಬೇಡಿ. ಪ್ರೆಶರ್ ವಾಶ್ ಹೊಡೆದಿದ್ರಾ?

ಅರ್ಧಟ್ಯಾಂಕ್:

ಹೊಡೆದೆ 😐 ಹತ್ತಿರದಿಂದ.

ಹೀಟ್‌ಗನ್:

ಅದೇ ಮತ್ತೆ. ಒಂದಡಿಗಿಂತ ಹತ್ತಿರ ಹಿಡೀಬೇಡಿ, ನೀರು ಅಂಚಿನ ಒಳಕ್ಕೆ ನುಗ್ಗೋ ದಿಕ್ಕಲ್ಲಿ ಅಂತೂ ಬೇಡ.

ತಿನ್ನರ್ವಾಸನೆ:

ಪೇಂಟ್ ಹೊಡಿಸಿದ್ರ ಈ ಪ್ರಶ್ನಿನ ಬರ್ತಿರ್ಲಿಲ್ಲ ನೋಡ್ರಿ.